ಎಂಜಿನ್ ಮೇಲಿನ ಕಲೆ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಹತ್ತಿರ ಎಚ್‌ಒ ಅಳತೆಯ ಸ್ಟೀಮ್ ಎಂಜಿನ್ ಮಾಡೆಲ್ ಇದೆ. ಪ್ಲಾಸ್ಟಿಕ್ ಬಾಡಿ. ಹೊಸ ಹೊಳಪು ಹೋಗಿ ದುಡಿದ ಎಂಜಿನ್ ಥರ ಕಾಣಲಿ ಅಂತ ಮೈತುಂಬಾ ಕಂದು ಬಣ್ಣ ಬಳಿದೆ. ಈಗ ಗುಜರಿಯಿಂದ ಎತ್ತಿಕೊಂಡು ಬಂದ ಹಾಗಿದೆ. ಅಚ್ಚಿನಲ್ಲೇ ಬಂದಿರುವ ಹ್ಯಾಂಡ್‌ರೇಲ್ ತೆಗೆದು ತಂತಿಯದು ಹಾಕುವ ಆಸೆಯೂ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಬಿಡಿ ಭಾಗಗಳು, ಆಮೇಲೆ ಬಣ್ಣ, ಕೊಳೆ ಕಟ್ಟಕಡೆಗೆ. ಕೊಳೆ ಹಚ್ಚಿದ ಮೇಲೆ ತೂತು ಕೊರೆಯಲು ಹೋದರೆ ಬೆರಳು ತಾಗಿದ ಕಡೆಯೆಲ್ಲ ಕೆಲಸ ಕೆಡುತ್ತದೆ.

ನೀವು ಬಳಿದದ್ದು ಅಕ್ರಿಲಿಕ್ ಬಣ್ಣವಾದರೆ, ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ನಿಧಾನಕ್ಕೆ ಒರೆಸಿ ನೋಡಿ. ಎಂಜಿನ್‌ನ ಅಡಿಭಾಗದಲ್ಲಿ ಮೊದಲು ಪರೀಕ್ಷೆ ಮಾಡಿ. ನಂಬರು, ಅಕ್ಷರಗಳ ಹತ್ತಿರ ಮಾತ್ರ ಬೇಡ, ಅವೂ ಎದ್ದು ಬರಬಹುದು.

ಹ್ಯಾಂಡ್‌ರೇಲ್ ಬದಲಿಸುವ ಯೋಚನೆ ತುಂಬಾ ಒಳ್ಳೆಯದು. ಎಚ್‌ಒ ಅಂದರೆ 1:87, ನಿಜವಾದ ಎಂಜಿನ್‌ನ 87ನೇ ಒಂದು ಪಾಲು. ನಿಜವಾದ ಎಂಜಿನ್‌ನ ಹ್ಯಾಂಡ್‌ರೇಲ್ 32 ಮಿ.ಮೀ. ದಪ್ಪ ಇದ್ದರೆ ಮಾಡೆಲ್‌ನಲ್ಲಿ ಅದು 0.37 ಮಿ.ಮೀ. ಆಗಬೇಕು. ಅಚ್ಚಿನಲ್ಲಿ ಬಂದದ್ದು 0.8 ಮಿ.ಮೀ. ಇದ್ದರೆ, ನಿಜದ ಲೆಕ್ಕದಲ್ಲಿ ಅದು 70 ಮಿ.ಮೀ. ದಪ್ಪದ ಕಂಬಿ. ಅದನ್ನು ಯಾರ ಮುಷ್ಟಿ ಹಿಡಿದೀತು? 0.4 ಮಿ.ಮೀ. ಹಿತ್ತಾಳೆ ತಂತಿ ಹಾಕಿ ನೋಡಿ, ಇಡೀ ಬಾಯ್ಲರ್ ದೊಡ್ಡದಾದ ಹಾಗೆ ಕಾಣುತ್ತದೆ.

ಹಳೆಯದನ್ನು ಹೆರೆಯುವ ಮೊದಲೇ ಅದರ ಗುಬ್ಬಿಗಳು, ಅಂದರೆ ಕಂಬಿಯನ್ನು ಬಾಯ್ಲರ್‌ಗೆ ಹಿಡಿದಿಡುವ ಗುಂಡಿಗಳು, ಎಲ್ಲಿವೆ ಅಂತ ಗುರುತು ಮಾಡಿಕೊಳ್ಳಿ. ಹೆರೆದ ಮೇಲೆ ಆ ಜಾಗ ಸಿಗುವುದಿಲ್ಲ. ನಾನು ಮಾಸ್ಕಿಂಗ್ ಟೇಪನ್ನು ಕಂಬಿಯ ಪಕ್ಕಕ್ಕೇ ಅಂಟಿಸಿ, ಅದರ ಮೇಲೆ ಪೆನ್ಸಿಲ್ ಗೀಟು ಹಾಕುತ್ತೇನೆ. ತೂತು ಕೊರೆಯುವ ಕಡೆ ಸೂಜಿಯಿಂದ ಒಂದು ಚುಕ್ಕಿ ಒತ್ತಿ. ಇಲ್ಲದಿದ್ದರೆ ದುಂಡಗಿನ ಬಾಯ್ಲರ್ ಮೇಲೆ ಬಿಟ್ ಜಾರುತ್ತದೆ. ಪಿನ್ ವೈಸ್‌ನಲ್ಲಿ (ಸಣ್ಣ ಬಿಟ್ ಹಿಡಿಯುವ ಕೈ ಹಿಡಿಕೆ) ಕೈಯಿಂದಲೇ ಕೊರೆಯಿರಿ. ಮೋಟಾರಿನ ಡ್ರಿಲ್ ವೇಗಕ್ಕೆ ಪ್ಲಾಸ್ಟಿಕ್ ಕರಗುತ್ತದೆ.

ತಂತಿ ಸೊಟ್ಟಗಿರುವುದೇ ಹೆಚ್ಚು. ಒಂದು ತುದಿಯನ್ನು ವೈಸ್‌ನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಿಂದ ಹಿಡಿದು ಎಳೆಯಿರಿ. ಒಂದು ಕ್ಷಣ ತಂತಿ ಚೂರು ಸಡಿಲಾದ ಹಾಗೆ ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಬಿಟ್ಟಾಗ ಗೆರೆ ಎಳೆದಷ್ಟು ನೆಟ್ಟಗಿರುತ್ತದೆ. ಗುಬ್ಬಿಗಳನ್ನು ಮೊದಲು ತಂತಿಗೆ ಪೋಣಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ತೂತುಗಳಿಗೆ ಕೂರಿಸಿ. ಸೂಪರ್ ಗ್ಲೂ ಸೂಜಿ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟೇ ಸಾಕು, ಅದೂ ಒಳಗಡೆಯಿಂದ. ಕ್ಯಾಬಿನ ಕಿಟಕಿ ಗಾಜು ತೆಗೆದಿಟ್ಟೇ ಅಂಟಿಸಿ. ಆ ಗೋಂದಿನ ಆವಿಗೆ ಗಾಜು ಬಿಳಿಚಿಕೊಳ್ಳುತ್ತದೆ. ಒಮ್ಮೆ ಹೀಗಾಗಿ ನಾನು ನಾಲ್ಕೂ ಕಿಟಕಿ ಹೊಸದಾಗಿ ಕತ್ತರಿಸಬೇಕಾಯಿತು.

ಬ್ರೇಕ್ ಪೈಪು, ಮೆಟ್ಟಿಲು ಇಂಥವನ್ನು ಅಂಟಿಸುವ ಮೊದಲು, ನಿಮ್ಮ ಹಳಿಯ ಅತಿ ಬಿಗಿ ತಿರುವಿನಲ್ಲಿ ಎಂಜಿನ್ ಓಡಿಸಿ ನೋಡಿ. ತಿರುವಿನಲ್ಲಿ ಮುಂದಿನ ಚಿಕ್ಕ ಗಾಲಿಗಳು ಪಕ್ಕಕ್ಕೆ ಸರಿದು ಮೆಟ್ಟಿಲಿಗೆ ಹೊಡೆಯುತ್ತವೆ. ಹಿತ್ತಾಳೆಯ ಭಾಗಗಳನ್ನು ಪಾತ್ರೆ ಸೋಪಿನಲ್ಲಿ ತೊಳೆದು ಪ್ರೈಮರ್ ಹೊಡೆಯಿರಿ. ಬರಿ ಹಿತ್ತಾಳೆಗೆ ಬಣ್ಣ ಕಚ್ಚುವುದಿಲ್ಲ.

ಈಗ ಕೊಳೆಯ ವಿಷಯ. ನಿಮ್ಮ ಎಂಜಿನ್ ಗುಜರಿ ಥರ ಕಂಡದ್ದು ಬಣ್ಣ ಜಾಸ್ತಿಯಾಗಿ ಅಲ್ಲ. ಒಂದೇ ಬಣ್ಣ ಎಲ್ಲ ಕಡೆ ಬಿದ್ದಿದೆ, ಅದಕ್ಕೆ. ಸ್ಟೀಮ್ ಎಂಜಿನ್ ಅಂದರೆ ಬೆಂಕಿ, ನೀರು, ಎಣ್ಣೆ, ಕಲ್ಲಿದ್ದಲು. ನಾಲ್ಕೂ ತಮ್ಮ ತಮ್ಮ ಜಾಗದಲ್ಲಿ ತಮ್ಮದೇ ಗುರುತು ಬಿಡುತ್ತವೆ. ಬ್ರಶ್ ಇಡುವ ಮೊದಲು "ಇಲ್ಲಿ ಈ ಕಲೆ ಎಲ್ಲಿಂದ ಬಂತು?" ಅಂತ ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಆ ಜಾಗ ಬಿಟ್ಟುಬಿಡಿ.

ನೀರಿನಿಂದ ಶುರು ಮಾಡೋಣ. ಬಾಯ್ಲರ್ ನೀರು ಆವಿಯಾಗಿ ಹೋದರೂ ಅದರಲ್ಲಿದ್ದ ಸುಣ್ಣದ ಅಂಶ ಹಿಂದೆಯೇ ಉಳಿಯುತ್ತದೆ. ಅದಕ್ಕೇ ಸೇಫ್ಟಿ ವಾಲ್ವ್ ಕೆಳಗೆ, ಬಾಯ್ಲರ್ ತೊಳೆಯುವ ಪ್ಲಗ್‌ಗಳ ಕೆಳಗೆ, ಬಾಯ್ಲರ್‌ಗೆ ನೀರು ನುಗ್ಗಿಸುವ ಇಂಜೆಕ್ಟರ್ ಸುತ್ತ ಬಿಳಿ ಗೆರೆ ಇಳಿದಿರುತ್ತದೆ. ಅಚ್ಚ ಬಿಳಿ ಬೇಡ, ಸ್ವಲ್ಪ ಬೂದು, ಸ್ವಲ್ಪ ಕೆನೆ ಬಣ್ಣ ಬೆರೆಸಿ. ಎನಾಮಲ್ ಬಣ್ಣದ ಒಂದು ಚುಕ್ಕಿ ಇಟ್ಟು, ಥಿನ್ನರ್‌ನಲ್ಲಿ ಅದ್ದಿ ಹಿಂಡಿದ ಚಪ್ಪಟೆ ಬ್ರಶ್‌ನಿಂದ ಕೆಳಕ್ಕೆ ಎಳೆಯಿರಿ. ಎಳೆದ ಹಾಗೆ ಗೆರೆ ತೆಳುವಾಗಿ ಮಾಯವಾಗಬೇಕು. ಇದನ್ನು ಅಕ್ರಿಲಿಕ್ ಬಣ್ಣದ ಮೇಲೆ, ಅದು ಪೂರ್ತಿ ಒಣಗಿದ ಮೇಲೆ ಮಾಡಿ. ಆಗ ಥಿನ್ನರ್ ಕೆಳಗಿನ ಬಣ್ಣವನ್ನು ಎಬ್ಬಿಸುವುದಿಲ್ಲ.

ಬೆಂಕಿಯ ಗುರುತು ಸ್ಮೋಕ್‌ಬಾಕ್ಸ್ ಮೇಲೆ, ಅಂದರೆ ಬಾಯ್ಲರ್‌ನ ಮುಂತುದಿಯಲ್ಲಿ ಹೊಗೆ ಸೇರುವ ಭಾಗದ ಮೇಲೆ. ಬಾಯ್ಲರ್‌ಗೆ ಶಾಖ ತಡೆಯುವ ಹೊದಿಕೆ ಇರುತ್ತದೆ, ಅದರ ಮೇಲೆ ತಗಡು. ಸ್ಮೋಕ್‌ಬಾಕ್ಸ್‌ಗೆ ಸಾಮಾನ್ಯವಾಗಿ ಆ ಹೊದಿಕೆ ಇಲ್ಲ. ಅದರ ಬಣ್ಣ ಸುಟ್ಟು ಮಂಕು ಬೂದು ಬಣ್ಣಕ್ಕೆ ತಿರುಗುತ್ತದೆ, ಹಿಂದಿನ ಬಾಯ್ಲರ್ ಮಾತ್ರ ಕಪ್ಪಗೆ ಹೊಳೆಯುತ್ತಿರುತ್ತದೆ. ಈ ಒಂದು ವ್ಯತ್ಯಾಸ ತೋರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಸ್ಮೋಕ್‌ಬಾಕ್ಸ್ ಬಾಗಿಲಿನ ಕೆಳ ಅಂಚಿನಲ್ಲಿ ಬೂದಿ ಕೂತು ನೆನೆಯುತ್ತದೆ, ಅಲ್ಲಿ ಸ್ವಲ್ಪ ತುಕ್ಕು ಸರಿಯೇ. ಹೊಗೆಯ ಮಸಿ ಮೇಲಿಂದ ಉದುರುತ್ತದೆ. ಹಾಗಾಗಿ ಅದು ಬಾಯ್ಲರ್ ನೆತ್ತಿಯಲ್ಲಿ, ಕ್ಯಾಬಿನ ಮಾಡಿನ ಮೇಲೆ ಇರಲಿ.

ಗಾಲಿಗಳ ರಾಡುಗಳಿಗೆ ತುಕ್ಕು ಬಣ್ಣ ಬೇಡವೇ ಬೇಡ. ಓಡುವ ಎಂಜಿನ್‌ನಲ್ಲಿ ಅಲ್ಲಿ ಯಾವಾಗಲೂ ಎಣ್ಣೆ ಇರುತ್ತದೆ. ಜಿಡ್ಡಿನ ಕಪ್ಪು, ಅಲ್ಲಲ್ಲಿ ಒದ್ದೆ ಹೊಳಪು, ಅಷ್ಟೇ. ನೀವು ಬಳಿದ ಕಂದು ಬಣ್ಣದ ನಿಜವಾದ ಜಾಗ ಗಾಲಿಗಳ ಎತ್ತರದಲ್ಲಿ, ಚೌಕಟ್ಟಿನ ಮೇಲೆ. ಬ್ರೇಕ್ ಒತ್ತಿದಾಗೆಲ್ಲ ಸವೆದ ಕಬ್ಬಿಣದ ಪುಡಿ ಅಲ್ಲಿ ಹಾರಿ ಕೂತು ತುಕ್ಕು ಹಿಡಿಯುತ್ತದೆ.

ಎಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರ್‌ಗೆ ನಿಜವಾದ ಕಲ್ಲಿದ್ದಲನ್ನೇ ಪುಡಿ ಮಾಡಿ ಹಾಕಿ. ನೀರು ತುಂಬುವ ಮುಚ್ಚಳದ ಸುತ್ತ, ಚೆಲ್ಲಿದ ನೀರು ಇಳಿದ ಗೆರೆಗಳಿರಲಿ.

ನನಗೆ ತುಂಬಾ ಇಷ್ಟವಾದ ಕಲೆ ಒಂದಿದೆ. ಅಸಲಿಗೆ ಅದು ಕಲೆಯಲ್ಲ. ಕ್ಯಾಬಿಗೆ ಹತ್ತುವ ಕಡೆ ಕಂಬಿಯನ್ನು ದಿನಾ ಹಿಡಿದು ಹಿಡಿದು ಬಣ್ಣ ಸವೆದು ಲೋಹ ಹೊಳೆಯುತ್ತಿರುತ್ತದೆ. ಮೆಟ್ಟಿಲಿನ ನಡುಭಾಗವೂ ಹಾಗೇ. ಅಲ್ಲಿ ಮೆತ್ತನೆಯ ಪೆನ್ಸಿಲ್ ತುದಿಯನ್ನು ಎರಡು ಸಲ ಆಡಿಸಿ. ಯಾರೋ ಈಗಷ್ಟೇ ಹತ್ತಿ ಹೋದ ಹಾಗೆ ಅನಿಸುತ್ತದೆ.

ಪ್ರಶ್ನೆ: ವೆದರಿಂಗ್ ಪೌಡರ್ (ಕೊಳೆ, ತುಕ್ಕು ತೋರಿಸುವ ಒಣ ಬಣ್ಣದ ಪುಡಿ) ಹಚ್ಚಿದಾಗ ಚೆನ್ನಾಗಿತ್ತು. ಮ್ಯಾಟ್ ವಾರ್ನಿಶ್ ಹೊಡೆದ ತಕ್ಷಣ ಮಾಯವಾಯಿತು. ಯಾಕೆ?

ಉತ್ತರ: ಒಣ ಪುಡಿ ಬೆಳಕನ್ನು ಚದುರಿಸುತ್ತದೆ, ಅದಕ್ಕೇ ತಿಳಿಯಾಗಿ ಕಾಣುತ್ತದೆ. ವಾರ್ನಿಶ್‌ನಲ್ಲಿ ನೆನೆದರೆ ಆ ಗುಣ ಹೋಗುತ್ತದೆ. ತಿಳಿ ಬಣ್ಣದ ಪುಡಿಗಳಿಗೆ ಈ ಪೆಟ್ಟು ಜಾಸ್ತಿ. ಹಾಗಾಗಿ ವಾರ್ನಿಶ್ ಅನ್ನು ಪೌಡರ್‌ಗೆ ಮೊದಲು ಹೊಡೆಯಿರಿ. ಆ ಒರಟು ಮೇಲ್ಮೈ ಪುಡಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಕೈ ತಾಗದ ಜಾಗಗಳನ್ನು ಹಾಗೇ ಬಿಡಿ. ಎಂಜಿನ್ ಎತ್ತುವಾಗ ಹಿಡಿಯುವ ಜಾಗಕ್ಕೆ ಮಾತ್ರ ದೂರದಿಂದ ಮಂಜಿನ ಹಾಗೆ ತೆಳುವಾಗಿ ಹೊಡೆದು, ಒಣಗಿದ ಮೇಲೆ ಮತ್ತೆ ಸ್ವಲ್ಪ ಪುಡಿ ಹಚ್ಚಿ.

ಪ್ರಶ್ನೆ: ಗಾಲಿಗಳಿಗೆ ಬಣ್ಣ ಹೊಡೆದ ಮೇಲೆ ಎಂಜಿನ್ ತಡವರಿಸುತ್ತಿದೆ.

ಉತ್ತರ: ಹಳಿಗೆ ತಾಗುವ ಅಂಚಿನ ಮೇಲೆ, ವಿದ್ಯುತ್ ತೆಗೆದುಕೊಳ್ಳುವ ಲೋಹದ ಪಟ್ಟಿಗಳ ಮೇಲೆ ಬಣ್ಣ ಕೂತಿದೆ. ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಲೋಹ ಕಾಣುವವರೆಗೆ ಒರೆಸಿ. ಮುಂದಿನ ಸಲ ಎಂಜಿನ್‌ನ್ನು ತಲೆಕೆಳಗಾಗಿ ಸ್ಪಂಜಿನ ಮೇಲೆ ಇಟ್ಟು, ವೈರಿನಿಂದ ಕರೆಂಟ್ ಕೊಟ್ಟು, ಗಾಲಿಗಳನ್ನು ನಿಧಾನಕ್ಕೆ ತಿರುಗಿಸುತ್ತಾ ಏರ್‌ಬ್ರಶ್ ಹೊಡೆಯಿರಿ. ನಿಂತ ಗಾಲಿಗೆ ಹೊಡೆದರೆ ರಾಡಿನ ಹಿಂದೆ ಬಣ್ಣ ಬೀಳದೆ ನೆರಳಿನ ಪಟ್ಟೆ ಉಳಿಯುತ್ತದೆ. ಮುಗಿದ ಕೂಡಲೇ, ಬಣ್ಣ ಹಸಿ ಇರುವಾಗಲೇ ಅಂಚುಗಳನ್ನು ಒರೆಸಿ. ಪೌಡರ್ ಮಾತ್ರ ಗೇರ್‌ಗಳ ಹತ್ತಿರ ಸುಳಿಯದಿರಲಿ, ಮರಳುಕಾಗದದ ಹಾಗೆ ಸವೆಸುತ್ತದೆ.