ಪೊರೆ ತೆಗೆಸಿದ ಮೇಲೆ ರೆಪ್ಪೆ ಯಾಕೆ ಇಳಿಯಿತು?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಎರಡು ತಿಂಗಳ ಹಿಂದೆ ಬಲಗಣ್ಣಿನ ಪೊರೆ ಆಪರೇಷನ್ ಆಯಿತು. ದೃಷ್ಟಿ ಚೆನ್ನಾಗಿದೆ, ಪೇಪರ್ ಓದುತ್ತಾರೆ. ಆದರೆ ಆ ಕಣ್ಣಿನ ರೆಪ್ಪೆ ಜೋತುಬಿದ್ದು ನಿದ್ದೆಗಣ್ಣಿನ ಥರ ಕಾಣುತ್ತದೆ. ನರ ಕಟ್ ಆಗಿದೆ ಅಂತ ನೆಂಟರು ಹೆದರಿಸಿದ್ದಾರೆ. ಈಗ ಎಡಗಣ್ಣಿಗೆ ಆಪರೇಷನ್ ಬೇಡವೇ ಬೇಡ ಅಂತಿದ್ದಾರೆ. ಏನು ಮಾಡೋದು?
– ಓದುಗರೊಬ್ಬರು, ತುಮಕೂರು

ಉತ್ತರ: ನರ ಕಟ್ ಆಗುವ ಮಾತು ಬಿಡಿ. ಪೊರೆ ತೆಗೆಯುವುದು ಕಣ್ಣುಗುಡ್ಡೆಯ ಮುಂಭಾಗದಲ್ಲಿ, ರೆಪ್ಪೆ ಎತ್ತುವ ನರ ಇರುವುದು ಗುಡ್ಡೆಯ ಹಿಂದೆ, ಆಳದಲ್ಲಿ. ಅಲ್ಲಿಗೆ ಕತ್ತರಿ ಹೋಗುವುದೇ ಇಲ್ಲ. (ನೆಂಟರಿಗೆ ಎಲ್ಲ ಕಾಯಿಲೆಗೂ ನರವೇ ಕಾರಣ, ಅಲ್ವಾ?)

ರೆಪ್ಪೆಯನ್ನು ಮೇಲೆ ಎಳೆದು ಹಿಡಿಯೋಕೆ ಒಂದು ಸ್ನಾಯು ಇದೆ, ಅದರ ತುದಿ ತೆಳ್ಳಗಿನ ಪಟ್ಟಿಯಾಗಿ ರೆಪ್ಪೆಗೆ ಅಂಟಿಕೊಂಡಿರುತ್ತದೆ. ವಯಸ್ಸಾದಂತೆ ಆ ಪಟ್ಟಿ ಹಳೇ ಲಂಗದ ಇಲಾಸ್ಟಿಕ್ ಹಾಗೆ ತಾನಾಗಿಯೇ ಸಡಿಲ ಆಗುತ್ತಾ ಬರುತ್ತದೆ. ಆಪರೇಷನ್ ಹೊತ್ತಿನಲ್ಲಿ ಕಣ್ಣು ಮುಚ್ಚದಿರಲಿ ಅಂತ ತಂತಿಯ ಕ್ಲಿಪ್ ಹಾಕಿ ರೆಪ್ಪೆಯನ್ನು ಅಗಲಿಸಿಡುತ್ತಾರೆ, ಕೆಲವರಿಗೆ ಕಣ್ಣಿನ ಪಕ್ಕ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ, ಕೆಲವು ಕಡೆ ಗುಡ್ಡೆ ಅಲುಗದಂತೆ ಮೇಲಿನ ಸ್ನಾಯುವಿಗೆ ದಾರ ಹಾಕಿ ಎಳೆದು ಹಿಡಿಯುತ್ತಾರೆ. ಮೊದಲೇ ಸಡಿಲವಾಗಿದ್ದ ಪಟ್ಟಿ ಇದರಿಂದ ಇನ್ನಷ್ಟು ಜಗ್ಗಬಹುದು. ಬರೀ ಊತದಿಂದ ಇಳಿದಿದ್ದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಒಂದು ಕೆಲಸ ಮಾಡಿ. ಅಮ್ಮನ ನಾಲ್ಕೈದು ವರ್ಷ ಹಿಂದಿನ ಫೋಟೋ ಹುಡುಕಿ, ಮದುವೆ ಮನೆಯದ್ದೋ ಆಧಾರ್‌ನದ್ದೋ ಯಾವುದಾದರೂ ಸರಿ. ರೆಪ್ಪೆ ಆಗಲೇ ಸ್ವಲ್ಪ ಇಳಿದಿತ್ತಾ ನೋಡಿ. ಎಷ್ಟೋ ಜನರಿಗೆ ಮೊದಲಿನಿಂದಲೂ ಇರುತ್ತದೆ, ಪೊರೆ ತೆಗೆಸಿ ಕನ್ನಡಿ ಸ್ಪಷ್ಟವಾಗಿ ಕಂಡಾಗಲೇ ಗೊತ್ತಾಗೋದು. ಈಗ ಅವರು ಬಲ ಹುಬ್ಬು ಏರಿಸಿ, ಗದ್ದ ಎತ್ತಿ ನೋಡುತ್ತಾರಾ ಅಂತಲೂ ಗಮನಿಸಿ. ಹಾಗಿದ್ದರೆ ರೆಪ್ಪೆ ದೃಷ್ಟಿಗೆ ಅಡ್ಡ ಬರುತ್ತಿದೆ ಅಂತ ಅರ್ಥ.

ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ತೋರಿಸಿ, ಅಳತೆ ಬರೆಸಿಕೊಳ್ಳಿ. ಸಾಮಾನ್ಯವಾಗಿ ಆರು ತಿಂಗಳು ಕಾಯಲು ಹೇಳುತ್ತಾರೆ. ಆಮೇಲೂ ಹಾಗೇ ಇದ್ದು ತೊಂದರೆ ಕೊಟ್ಟರೆ ಪಟ್ಟಿಯನ್ನು ಬಿಗಿ ಮಾಡುವ ಸಣ್ಣ ಆಪರೇಷನ್ ಇದೆ. ಒಂದು ರೆಪ್ಪೆ ಎತ್ತಿದರೆ ಕೆಲವೊಮ್ಮೆ ಇನ್ನೊಂದು ಸ್ವಲ್ಪ ಇಳಿಯುತ್ತದೆ. ಅದಕ್ಕೇ ಎರಡನ್ನೂ ಅಳೆದೇ ಶುರು ಮಾಡುವುದು. ಸುಮ್ನೆ ಎಣ್ಣೆ ತಿಕ್ಕುವುದು, ಮಸಾಜ್ ಮಾಡುವುದು ಬೇಡ.

ಆದರೆ ರೆಪ್ಪೆ ಇದ್ದಕ್ಕಿದ್ದಂತೆ ಪೂರ್ತಿ ಬಿದ್ದರೆ, ಎರಡೆರಡು ಕಂಡರೆ, ಒಂದು ಪಾಪೆ ದೊಡ್ಡದಾಗಿದ್ದರೆ, ಜೋರು ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಣ್ಣು ಕೆಂಪಾಗಿ ನೋವು ಬಂದು ದೃಷ್ಟಿ ಮಂದವಾದರೂ ಅಷ್ಟೇ, ಅದು ಸೋಂಕಿರಬಹುದು. ಬೆಳಿಗ್ಗೆ ಸರಿಯಿದ್ದು ಸಂಜೆಗೆ ಜಾಸ್ತಿ ಇಳಿಯುತ್ತಿದ್ದರೆ ಸ್ನಾಯು ಬೇಗ ಸೋಲುವ ಬೇರೆ ಕಾಯಿಲೆ ಇರಬಹುದು, ಅದನ್ನೂ ಹೇಳಿ.

ಎಡಗಣ್ಣಿನದನ್ನು ಇದೊಂದೇ ಕಾರಣಕ್ಕೆ ಕೈಬಿಡಬೇಡಿ. ಪೊರೆ ತುಂಬಾ ಬಲಿತು ಗಟ್ಟಿಯಾದರೆ ತೆಗೆಯುವುದೇ ಕಷ್ಟ. ಇಂಜೆಕ್ಷನ್ ಬದಲು ಬರೀ ಹನಿ ಹಾಕಿ ಮಾಡಲು ಆಗುತ್ತದಾ ಅಂತ ಮೊದಲೇ ಕೇಳಿ, ಅಮ್ಮ ಅಲುಗಾಡದೆ ಮಲಗಬಲ್ಲರಾದರೆ ಎಷ್ಟೋ ಡಾಕ್ಟರು ಒಪ್ಪುತ್ತಾರೆ.