ನಾನೇ ಜೋಡಿಸಿದ ಪಿಸಿಯಲ್ಲಿ ಮ್ಯಾಕ್‌ಓಎಸ್ ಓಡ್ತಿದೆ, ಆದರೆ ಸ್ಲೀಪ್ ಮಾತ್ರ ಸರಿಯಾಗಿ ಆಗ್ತಿಲ್ಲ. ಮತ್ತೆ ಇನ್‌ಸ್ಟಾಲ್ ಮಾಡಬೇಕಾ?

ದಯವಿಟ್ಟು ಇನ್‌ಸ್ಟಾಲ್ ಮಾಡಬೇಡಿ. ಯಾರೋ ಹೇಳಿದರು ಅಂತ ಎಸ್‌ಎಂಬಯಾಸ್ ಮಾಡೆಲ್ (ಪಿಸಿ ತಾನು ಯಾವ ಮ್ಯಾಕ್ ಅಂತ ಹೇಳಿಕೊಳ್ಳುವ ಹೆಸರು) ಬದಲಾಯಿಸುವುದಕ್ಕೂ ಹೋಗಬೇಡಿ. ಕೋರ್ ಐ5-10400, ಝಡ್490 ಬೋರ್ಡ್, ಆರ್‌ಎಕ್ಸ್ 6600 ಕಾರ್ಡ್, ಓಪನ್‌ಕೋರ್ (ಸಾಮಾನ್ಯ ಪಿಸಿಯಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ತಂತ್ರಾಂಶ) ಮೂಲಕ ಮ್ಯಾಕ್‌ಓಎಸ್ ವೆಂಚುರಾ: ನಿಮ್ಮ ಜೋಡಣೆಯಲ್ಲಿ ತಪ್ಪೇನೂ ಇಲ್ಲ. ತೊಂದರೆ ಇರುವುದು ಪ್ರಶ್ನೆಯ ಕೊನೆಯಲ್ಲಿ ನೀವು ಹಗುರವಾಗಿ ಬರೆದ ಮಾತಿನಲ್ಲಿ: 'ಇದೇ ಪ್ರೊಸೆಸರ್ ಇರುವ ಬೇರೆಯವರ ಇಎಫ್‌ಐ ಫೋಲ್ಡರ್ ಹಾಕಿಕೊಂಡಿದ್ದೇನೆ.' ಓಪನ್‌ಕೋರ್‌ನ ಫೈಲುಗಳೆಲ್ಲ ಇರುವ ಬೂಟ್ ಫೋಲ್ಡರ್ ಅದು.

2020ರಲ್ಲಿ ಬಂದ ಬಿಗ್ ಸರ್ ಆವೃತ್ತಿಯಿಂದೀಚೆಗೆ ಮ್ಯಾಕ್‌ಓಎಸ್‌ನ ಸ್ವಂತ ಫೈಲುಗಳಿರುವ ಸಿಸ್ಟಂ ವಾಲ್ಯೂಮ್‌ಗೆ ಸೀಲ್ ಹಾಕಿರುತ್ತಾರೆ. ಅದು ಓದುವುದಕ್ಕೆ ಮಾತ್ರ, ತಾನಾಗಿ ಕೆಡುವಂಥದ್ದಲ್ಲ. ಮರುಇನ್‌ಸ್ಟಾಲ್ ಮಾಡಿದರೆ ಅವೇ ಫೈಲುಗಳು ಮತ್ತೆ ಬಂದು ಕೂರುತ್ತವೆ. ನಿಮ್ಮ ಓಪನ್‌ಕೋರ್, ಕೆಕ್ಸ್ಟ್‌ಗಳು (ಡ್ರೈವರ್‌ನಂಥ ಫೈಲುಗಳು), ಕಾನ್ಫಿಗ್ ಪಿಲಿಸ್ಟ್ (ಓಪನ್‌ಕೋರ್‌ನ ಸೆಟ್ಟಿಂಗ್ ಫೈಲ್) ಎಲ್ಲ ಇರುವುದು ಬೇರೆ ಇಎಫ್‌ಐ ಪಾರ್ಟಿಶನ್‌ನಲ್ಲಿ. ಇನ್‌ಸ್ಟಾಲರ್ ಅದರ ತಂಟೆಗೇ ಹೋಗುವುದಿಲ್ಲ. ಅರ್ಧ ದಿನ ಕಳೆದು, ಅದೇ ಜಾಗಕ್ಕೆ ವಾಪಸ್ ಬರುತ್ತೀರಿ.

ನೀವು ಹೇಳಿದ್ದು ಮೂರು ತೊಂದರೆ. ಸ್ಲೀಪ್‌ಗೆ ಹಾಕಿದ ಕೂಡಲೇ ಎಚ್ಚರವಾಗುತ್ತದೆ, ಕೆಲವು ಸಲ ಎಚ್ಚರವಾಗುವಾಗ ರೀಸ್ಟಾರ್ಟ್ ಆಗುತ್ತದೆ, ಹಿಂದಿನ ನೀಲಿ ಪೋರ್ಟಿಗೆ ಚುಚ್ಚಿದ ಪೆನ್‌ಡ್ರೈವ್ ತೀರಾ ನಿಧಾನ. ಮೂರನೆಯದನ್ನು ನೀವು ಬೇರೆ ಲೆಕ್ಕಕ್ಕೆ ಸೇರಿಸಿದ್ದೀರಿ. ನನಗೆ ಉಳಿದೆರಡರ ಸುಳಿವು ಸಿಕ್ಕಿದ್ದೇ ಅದರಲ್ಲಿ.

ಮ್ಯಾಕ್‌ಓಎಸ್ ಒಂದು ಯುಎಸ್‌ಬಿ ಕಂಟ್ರೋಲರ್‌ಗೆ 15 ಪೋರ್ಟ್ ಮಾತ್ರ ಒಪ್ಪುತ್ತದೆ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಕಣ್ಣಿಗೆ ಒಂದೇ ಕಂಡರೂ ಸಿಸ್ಟಂ ಲೆಕ್ಕದಲ್ಲಿ ಎರಡು: ಯುಎಸ್‌ಬಿ 2 ವೇಗದ್ದು ಎಚ್‌ಎಸ್, ಯುಎಸ್‌ಬಿ 3 ವೇಗದ್ದು ಎಸ್‌ಎಸ್. ಝಡ್490 ಚಿಪ್‌ಸೆಟ್‌ನಲ್ಲಿ ಎಚ್‌ಎಸ್ 14, ಎಸ್‌ಎಸ್ 10ರವರೆಗೆ ಇರಬಹುದು. ಎಚ್‌ಎಸ್‌ಗಳ ಸರದಿ ಮೊದಲು, ಹಾಗಾಗಿ ಮಿತಿ ಮುಗಿಯುವ ಹೊತ್ತಿಗೆ ಹೊರಗೆ ಉಳಿಯುವುದು ಎಸ್‌ಎಸ್‌ಗಳೇ. ಸೆಕೆಂಡಿಗೆ 5 ಗಿಗಾಬಿಟ್ ಓಡಬೇಕಿದ್ದ ಪೋರ್ಟ್ 480 ಮೆಗಾಬಿಟ್‌ಗೆ ಇಳಿಯುವುದು ಹೀಗೆ. ಮಿತಿಯೊಳಗೆ ಯಾವ ಪೋರ್ಟ್ ಇರಬೇಕು, ಯಾವುದು ಬೇಡ ಅಂತ ಹೇಳುವುದೇ ಯುಎಸ್‌ಬಿ ಮ್ಯಾಪ್. ನಿಮ್ಮ ಹತ್ತಿರ ಇರುವುದು ಇನ್ನೊಬ್ಬರ ಬೋರ್ಡಿನ ಮ್ಯಾಪ್. ಪ್ರೊಸೆಸರ್ ಒಂದೇ ಆದರೂ ಬೋರ್ಡ್ ತಯಾರಿಸಿದವರು ಯಾವ ನಂಬರನ್ನು ಯಾವ ತೂತಿಗೆ ಎಳೆದಿದ್ದಾರೆ ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಮ್ಯಾಪ್ ಹೊಂದದಿದ್ದರೆ ಸ್ಲೀಪ್ ಕೂಡ ಕೆಡುತ್ತದೆ.

ಇದನ್ನು ನೀವೇ ಕೂತು ಮಾಡಬೇಕು, ಅಡ್ಡದಾರಿ ಇಲ್ಲ. ಈ ಮ್ಯಾಪ್ ಮಾಡಿಕೊಡುವ ಯುಎಸ್‌ಬಿಟೂಲ್‌ಬಾಕ್ಸ್ ಅನ್ನು ವಿಂಡೋಸ್‌ನಲ್ಲಿ ಓಡಿಸುವುದು ಸಲೀಸು. ಒಂದು ಯುಎಸ್‌ಬಿ 2 ಪೆನ್‌ಡ್ರೈವ್, ಒಂದು ಯುಎಸ್‌ಬಿ 3 ಪೆನ್‌ಡ್ರೈವ್ ಕೈಯಲ್ಲಿಟ್ಟುಕೊಳ್ಳಿ. ಹಿಂದಿನ ಮೊದಲ ತೂತಿಗೆ ಹಳೆಯದನ್ನು ಚುಚ್ಚಿ, ಪಟ್ಟಿಯಲ್ಲಿ ಯಾವ ಸಾಲಿನ ಕೆಳಗೆ ಪೆನ್‌ಡ್ರೈವ್ ಕಾಣಿಸಿಕೊಂಡಿತು ನೋಡಿ, ಬರೆದುಕೊಳ್ಳಿ. ತೆಗೆದು ಹೊಸದನ್ನು ಅದೇ ತೂತಿಗೆ ಚುಚ್ಚಿ, ಈಗ ಬೇರೆ ಸಾಲು. ಎರಡೂ ಸೇರಿ ಆ ತೂತಿನ ಜೋಡಿ. ಹೀಗೆ ಹಿಂದೆ, ಮುಂದೆ ಒಂದನ್ನೂ ಬಿಡದೆ ಮುಗಿಸಿ. ಟೈಪ್ ಸಿ ಇದ್ದರೆ ಪ್ಲಗ್ ತಿರುಗಿಸಿಯೂ ಚುಚ್ಚಿ ನೋಡಿ.

ಬ್ಲೂಟೂತ್ ಮರೆಯಬೇಡಿ. ನಿಮ್ಮ ಬ್ರಾಡ್‌ಕಾಮ್ ವೈಫೈ ಕಾರ್ಡಿನಿಂದ ಬೋರ್ಡಿನ ಒಳಗಿನ ಯುಎಸ್‌ಬಿ ಹೆಡರ್‌ಗೆ ಒಂದು ತೆಳ್ಳನೆ ಕೇಬಲ್ ಹೋಗಿರುತ್ತದೆ. ಬ್ಲೂಟೂತ್ ಓಡುವುದು ಅದರ ಮೇಲೆ. ಆ ಪೋರ್ಟಿನ ಟೈಪ್ 255, ಅಂದರೆ ಇಂಟರ್ನಲ್ ಅಂತ ಇರಬೇಕು. ಹೊರಗಿನ ಪೋರ್ಟ್ ಅಂತ ಬಿದ್ದಿದ್ದರೆ ಸ್ಲೀಪ್ ಕೆಡುವುದಕ್ಕೆ ಅದೊಂದೇ ಸಾಕು. ಕೊನೆಗೆ ಬೇಕಾದ 15 ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಮುಂಭಾಗದ ಪೋರ್ಟ್‌ಗಳನ್ನು ನೀವು ಬಳಸುವುದೇ ಇಲ್ಲವಾದರೆ ಮೊದಲು ತೆಗೆಯಬೇಕಾದ್ದು ಅವನ್ನೇ.

ಹೊಸ ಮ್ಯಾಪ್ ಮತ್ತು ಅದರ ಜೊತೆಗಾರ ಕೆಕ್ಸ್ಟ್ ಹಾಕಿ, ಹಳೆಯದನ್ನು ಕಾನ್ಫಿಗ್‌ನಿಂದಲೂ ತೆಗೆಯಿರಿ. ಪೋರ್ಟ್ ಲಿಮಿಟ್ ಮೀರಲು ಬಿಡುವ ಕ್ವಿರ್ಕ್ (ಓಪನ್‌ಕೋರ್‌ನ ಒಂದು ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ, ಬಿಗ್ ಸರ್ 11.3ರಿಂದ ಅದು ಕೆಲಸಕ್ಕೆ ಬರುವುದಿಲ್ಲ. ಇದನ್ನೆಲ್ಲ ಒಳಗಿನ ಡಿಸ್ಕ್‌ನಲ್ಲಿ ಮಾಡಬೇಡಿ. ಫ್ಯಾಟ್32 ಪೆನ್‌ಡ್ರೈವ್‌ಗೆ ಇಎಫ್‌ಐ ಕಾಪಿ ಮಾಡಿ, ಅದರಿಂದ ಬೂಟ್ ಮಾಡಿ ಪರೀಕ್ಷಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಇಲ್ಲವಾದರೆ ಸರಿಹೋದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ.

ಆಮೇಲೂ ತಕ್ಷಣ ಎಚ್ಚರವಾದರೆ ಟರ್ಮಿನಲ್‌ನಲ್ಲಿ ಪಿಎಂಸೆಟ್ ಲಾಗ್ (ಸ್ಲೀಪ್, ಎಚ್ಚರದ ದಾಖಲೆ) ತೆಗೆದು, ಎಚ್ಚರವಾದ ಕ್ಷಣದ ಸಾಲು ಹುಡುಕಿ. ಅಲ್ಲಿ ಎಕ್ಸ್‌ಎಚ್‌ಸಿ ಅಂತ ಕಂಡರೆ ಎಬ್ಬಿಸಿದ್ದು ಯುಎಸ್‌ಬಿ. ನೆಟ್‌ವರ್ಕ್ ಸಾಧನದ ಹೆಸರಿದ್ದರೆ ಬಯಾಸ್‌ನಲ್ಲಿ ವೇಕ್ ಆನ್ ಲ್ಯಾನ್ ಆಫ್ ಮಾಡಿ. ಎಕ್ಸ್‌ಎಚ್‌ಸಿಯೇ ಪದೇ ಪದೇ ಬರುತ್ತಿದ್ದರೆ ಸಾಧನಗಳು ಎಬ್ಬಿಸದಂತೆ ತಡೆಯುವ ಜಿಪಿಆರ್‌ಡಬ್ಲ್ಯೂ ಪ್ಯಾಚ್ ಇದೆ, ಆದರೆ ಅದನ್ನು ಹಾಕಿದ ಮೇಲೆ ಕೀಬೋರ್ಡ್ ಒತ್ತಿ ಎಬ್ಬಿಸಲು ಆಗದೆ ಪವರ್ ಬಟನ್ನೇ ಗತಿಯಾಗಬಹುದು. ಅದಕ್ಕೇ ನಾನು ಅದನ್ನು ಕೊನೆಗೆ ಇಡುತ್ತೇನೆ.

ರೀಸ್ಟಾರ್ಟ್ ಆಗುವುದು ನಿಲ್ಲದಿದ್ದರೆ ಎರಡು ಕಡೆ ನೋಡಿ. ಯುಎಸ್‌ಬಿಗೆ ಪವರ್ ವಿವರ ಕೊಡುವ ಯುಎಸ್‌ಬಿಎಕ್ಸ್ ಎಸ್‌ಎಸ್‌ಡಿಟಿ (ಹಾರ್ಡ್‌ವೇರ್ ವಿವರದ ಸಣ್ಣ ಫೈಲ್) ಇದೆಯಾ? ರೀಸ್ಟಾರ್ಟ್ ಆದಾಗ ಬಯಾಸ್ ಸೆಟ್ಟಿಂಗ್ ಅಳಿಸಿಹೋಗಿದೆ ಅಂತ ಬೋರ್ಡ್ ದೂರುತ್ತದಾ? ದೂರಿದರೆ ಆರ್‌ಟಿಸಿ (ಬೋರ್ಡಿನ ಗಡಿಯಾರ) ಚೆಕ್‌ಸಮ್ ತಡೆಯುವ ಕ್ವಿರ್ಕ್ ಆನ್ ಮಾಡಿ. ಪರದೆ ಮಾತ್ರ ಕಪ್ಪಾಗಿ ಉಳಿದು, ಕ್ಯಾಪ್ಸ್ ಲಾಕ್ ದೀಪ ಹೊತ್ತಿ ಆರುತ್ತಿದ್ದರೆ ಅದು ಸ್ಲೀಪ್ ತೊಂದರೆಯಲ್ಲ, ಡಿಸ್‌ಪ್ಲೇಯದು. ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ಪಿಕೇರಾ ಬೂಟ್ ಆರ್ಗ್ಯುಮೆಂಟ್ (ಬೂಟ್ ಆಗುವಾಗ ಕೊಡುವ ಸೂಚನೆ) ಬೇಕೇ ಬೇಕು, ಕಾನ್ಫಿಗ್‌ನಲ್ಲಿ ಅದು ಇದೆಯಾ ನೋಡಿ.

ಬೇರೆಯವರ ಇಎಫ್‌ಐ ಅಂದರೆ ಅದರೊಳಗಿನ ಸೀರಿಯಲ್ ನಂಬರೂ ಬೇರೆಯವರದೇ. ಜೆನ್‌ಎಸ್‌ಎಂಬಯಾಸ್ ಎಂಬ ಟೂಲ್‌ನಲ್ಲಿ ಹೊಸದನ್ನು ಮಾಡಿಕೊಳ್ಳಿ, ಮಾಡೆಲ್ ಐಮ್ಯಾಕ್20,1 ಹಾಗೇ ಇರಲಿ. ಆ್ಯಪಲ್ ಅಕೌಂಟ್‌ಗೆ ಲಾಗಿನ್ ಆಗುವ ಮುಂಚೆಯೇ ಇದನ್ನು ಮುಗಿಸಿ.

ವೆಂಚುರಾದ ಮುಂದಿನ ಆವೃತ್ತಿ ಸೊನೋಮಾಗೆ ಹೋಗಲಾ ಅಂತಲೂ ಕೇಳಿದ್ದೀರಿ. ಸೊನೋಮಾದಲ್ಲಿ ಹಳೆಯ ಬ್ರಾಡ್‌ಕಾಮ್ ವೈಫೈ ಡ್ರೈವರ್ ತೆಗೆದುಹಾಕಿದ್ದಾರೆ. ನಿಮ್ಮ ಕಾರ್ಡಿಗೆ ವೈಫೈ ಬೇಕೆಂದರೆ ಸಿಸ್ಟಂ ವಾಲ್ಯೂಮ್‌ನ ಸೀಲ್ ಒಡೆದು ಪ್ಯಾಚ್ ಮಾಡಬೇಕಾಗುತ್ತದೆ, ಪ್ರತಿ ಅಪ್‌ಡೇಟ್ ಆದ ಮೇಲೂ ಮತ್ತೆ. 2025ರಲ್ಲಿ ಬಂದ ಟಾಹೋವೇ ಇಂಟೆಲ್‌ಗೆ ಕೊನೆಯ ಆವೃತ್ತಿ ಅಂತ ಆ್ಯಪಲ್ಲೇ ಹೇಳಿದೆ. ಮೊದಲು ವೆಂಚುರಾದಲ್ಲೇ ಸ್ಲೀಪ್ ಸರಿಮಾಡಿ, ಆ ಇಎಫ್‌ಐಯ ಒಂದು ಕಾಪಿ ಪೆನ್‌ಡ್ರೈವ್‌ನಲ್ಲಿ ಎತ್ತಿಡಿ. ಅಪ್‌ಗ್ರೇಡ್ ಮಾಡುವ ದಿನ ಓಪನ್‌ಕೋರ್ ಮತ್ತು ಲಿಲು ಸಹಿತ ಎಲ್ಲ ಕೆಕ್ಸ್ಟ್‌ಗಳನ್ನು ಮೊದಲೇ ಹೊಸದಾಗಿಸಿ, ವೆಂಚುರಾ ಅದರಲ್ಲೇ ಬೂಟ್ ಆಗುತ್ತದೆ ಅಂತ ನೋಡಿಕೊಂಡು ಆಮೇಲೆ ಇನ್‌ಸ್ಟಾಲರ್ ಒತ್ತಿ.