ದೂರು ಕೊಟ್ಟರೆ ಕ್ಷಮಿಸಲಿಲ್ಲ ಎಂದಾಗುತ್ತದೆಯೇ?

ಈಶಾನ್ಯ ರಾಜ್ಯಗಳಿಂದ ಬೆಂಗಳೂರಿಗೆ ಓದಲು ಬಂದ ವಿದ್ಯಾರ್ಥಿಗಳಿಂದ ಮೇಲಿನ ಪ್ರಶ್ನೆಯನ್ನು ಆಪ್ತಸಲಹೆಗಾರ್ತಿಯಾದ ನಾನು ಮತ್ತೆ ಮತ್ತೆ ಕೇಳಿದ್ದೇನೆ. ನಾನು ಕೊಟ್ಟ ಸಲಹೆಯನ್ನು ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲವಾದ್ದರಿಂದ, ಒಂದು ಪ್ರಕರಣವನ್ನು ಗುರುತು ಮರೆಸಿ ಇಲ್ಲಿ ಬರೆಯುತ್ತಿದ್ದೇನೆ.

ಆಕೆ ನಾಗಾಲ್ಯಾಂಡಿನ ಬ್ಯಾಪ್ಟಿಸ್ಟ್ ಕ್ರೈಸ್ತ ಕುಟುಂಬದ ಪದವಿ ವಿದ್ಯಾರ್ಥಿನಿ. ಮೂವರು ಸಹಪಾಠಿಗಳು ಆಕೆಯನ್ನು ಹೆಸರಿನಿಂದ ಕರೆಯದೆ, ಈಶಾನ್ಯದವರ ಮುಖಚಹರೆಯನ್ನು ಹೀಯಾಳಿಸುವ ‘ಚಿಂಕಿ’ ಎಂಬ ಮಾತಿನಿಂದ ಕರೆಯುತ್ತಿದ್ದರು; ಪ್ರಯೋಗಾಲಯದಲ್ಲಿ ಜೊತೆಗೆ ನಿಲ್ಲಲು ಒಪ್ಪುತ್ತಿರಲಿಲ್ಲ. ಮನೆಯವರು ಸುಮ್ಮನಿರು ಎಂದಿದ್ದರು. 2012ರ ಆಗಸ್ಟಿನಲ್ಲಿ ಹಲ್ಲೆಯ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ರೈಲು ಹತ್ತಿ ಈ ನಗರವನ್ನು ಬಿಟ್ಟುಹೋದದ್ದನ್ನು ಕಂಡ ಹಿರಿಯರ ಭಯ ಅದು.

ಮೂರನೆಯ ಭೇಟಿಯಲ್ಲಿ ಆಕೆ ಹೇಳಿದಳು: “ದೂರು ಕೊಟ್ಟರೆ ನಾನು ಅವರನ್ನು ಕ್ಷಮಿಸಲಿಲ್ಲ ಎಂದಾಗುತ್ತದೆ, ಮೇಡಂ. ಒಂದು ಕೆನ್ನೆಗೆ ಹೊಡೆದರೆ ಮತ್ತೊಂದನ್ನೂ ತೋರಿಸಬೇಕಲ್ಲವೇ?” ಪ್ರಾರ್ಥನಾ ಕೂಟದ ಗೆಳೆಯರ ಮಾತೂ ಅದೇ ಆಗಿತ್ತು. ನಾನು ಕ್ರೈಸ್ತಳಲ್ಲ, ಬೈಬಲ್ಲಿಗೆ ಅರ್ಥ ಹೇಳುವ ಅಧಿಕಾರ ನನಗಿಲ್ಲ. ಆದುದರಿಂದ, ಉತ್ತರ ಗೊತ್ತಿಲ್ಲದೆಯೇ ಕೇಳಿದೆ: “ಯೇಸುವಿನ ಕೆನ್ನೆಗೇ ಯಾರಾದರೂ ಹೊಡೆದದ್ದುಂಟೇ? ಆಗ ಅವರು ಏನು ಮಾಡಿದರು?”

ಬಹಳ ಹೊತ್ತು ಸುಮ್ಮನಿದ್ದ ಆಕೆ ಮೊಬೈಲಿನಲ್ಲಿ ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯವನ್ನು ತೆರೆದಳು. ಮಹಾಯಾಜಕನ ಎದುರು ವಿಚಾರಣೆ ನಡೆಯುತ್ತಿರುವಾಗ ಅಲ್ಲಿನ ಕಾವಲಿನ ಓಲೇಕಾರನೊಬ್ಬ ಯೇಸುವಿಗೆ ಏಟು ಕೊಡುತ್ತಾನೆ; ನಾನು ಆಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಏಕೆ ಹೊಡೆಯುತ್ತೀ ಎಂದು ಯೇಸು ಅವನನ್ನೇ ಕೇಳುತ್ತಾರೆ. ಎರಡು ಸಲ ಓದಿಕೊಂಡು ಆಕೆ ಅಂದಳು: “ತಿರುಗಿ ಹೊಡೆಯಲಿಲ್ಲ. ಆದರೆ ಕೇಳಿದರು.”

ಆಪ್ತಸಲಹೆಯ ಕೋಣೆಗೆ ಧರ್ಮಗ್ರಂಥವನ್ನು ತರಬಾರದು ಎಂಬುದು ಸಹೋದ್ಯೋಗಿಯ ಆಕ್ಷೇಪ. ಗ್ರಂಥವನ್ನು ತಂದವಳು ನಾನಲ್ಲ. ಅದು ಮೊದಲ ದಿನದಿಂದಲೇ ಆಕೆಯ ಮೌನದೊಳಗೆ ಇತ್ತು. ದೇವರ ಮಾತೆಂದು ನಂಬಿ ಬಾಯಿ ಮುಚ್ಚಿಕೊಂಡವಳಿಗೆ ಕಾನೂನನ್ನಷ್ಟೇ ಹೇಳಿದ್ದರೆ, ದೂರು ಮತ್ತು ವಿಶ್ವಾಸದಲ್ಲಿ ಒಂದನ್ನು ಆರಿಸಿಕೋ ಎಂದಂತೆಯೇ ಆಗುತ್ತಿತ್ತು. ಅವಮಾನಕ್ಕೆ ಒಳಗಾದವಳಿಂದ ವಿಶ್ವಾಸವನ್ನೂ ಕಿತ್ತುಕೊಳ್ಳುವುದು ಸಲಹೆಯಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಆ ಬಳಿಕವೇ ಕಾನೂನಿನ ಮಾತು ಬಂತು. ಬಣ್ಣ, ಜನಾಂಗ ಅಥವಾ ಪ್ರದೇಶದ ಕಾರಣಕ್ಕೆ ಹೀಯಾಳಿಸುವುದನ್ನೂ ಹೊರಗಿಡುವುದನ್ನೂ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತನ್ನ ರ್‍ಯಾಗಿಂಗ್ ತಡೆ ನಿಯಮಗಳ 2016ರ ತಿದ್ದುಪಡಿಯಲ್ಲಿ ರ್‍ಯಾಗಿಂಗ್ ಎಂದೇ ಪರಿಗಣಿಸಿದೆ ಎಂದು ತಿಳಿಸಿದೆ. ಘಟನೆಗಳನ್ನು ದಿನಾಂಕ ಮತ್ತು ಸ್ಥಳದ ಸಮೇತ ಬರೆದಿಡಲು, ರ್‍ಯಾಗಿಂಗ್ ತಡೆ ಸಮಿತಿಗೆ ಲಿಖಿತ ದೂರು ಕೊಡಲು, ಪ್ರಾರ್ಥನಾ ಕೂಟವನ್ನು ಬಿಡದೆ ಅಲ್ಲಿಯೂ ಈ ವಿಷಯವನ್ನು ತೆರೆದು ಹೇಳಲು ಸೂಚಿಸಿದೆ. ಯಾವಾಗ ಕ್ಷಮಿಸಬೇಕೆಂಬುದನ್ನು ಆಕೆಗೇ ಬಿಟ್ಟೆ. ಬೇಗ ಕ್ಷಮಿಸು ಎಂದು ಒತ್ತಾಯಿಸುವ ಹಕ್ಕು ಗೆಳೆಯರಿಗೂ ಇಲ್ಲ, ನನಗೂ ಇಲ್ಲ.

ಸುಮ್ಮನಿರು ಎಂದಿದ್ದ ಕೂಟದ ಹಿರಿಯ ವಿದ್ಯಾರ್ಥಿಯೇ ದೂರಿಗೆ ಸಾಕ್ಷಿಯಾಗಿ ಸಹಿ ಹಾಕಿದ. ಸಹಪಾಠಿಗಳಲ್ಲಿ ಇಬ್ಬರು ಕ್ಷಮೆ ಕೇಳಿದರು, ಮೂರನೆಯವನು ಕೇಳಲಿಲ್ಲ. ಅವನಿಗಾಗಿ ಪ್ರಾರ್ಥಿಸಲು ಇನ್ನೂ ಮನಸ್ಸು ಬರುತ್ತಿಲ್ಲ ಎಂದು ಕೊನೆಯ ಭೇಟಿಯಲ್ಲಿ ಆಕೆ ಸಂಕೋಚದಿಂದ ಹೇಳಿದಾಗ, ಅದಕ್ಕೆ ಅವಸರವಿಲ್ಲ ಎಂದೆ.